ಖೋಟಾ ಮುದ್ರೆಯೂ ರಾಷ್ಟ್ರಗಳ ಸಹಕಾರವೂ: ಒಂದು ಸಮೀಕ್ಷೆ

1873ರಲ್ಲಿ ಆಸ್ಟ್ರಿಯಾದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ ಮಹತ್ತಾದ ಅಂತಾರಾಷ್ಟ್ರೀಯ ವಸ್ತುಪ್ರದರ್ಶನವೊಂದು ಏರ್ಪಟ್ಟಾಗ, ಅದಕ್ಕೆ ಆಹ್ವಾನಿತರಾದ ಪರದೇಶದ ಯಂತ್ರನಿರ್ಮಾಪಕರಲ್ಲಿ ಹಲವರು ತಮ್ಮ ಹೊಸ ಯಂತ್ರಗಳನ್ನು ಅಲ್ಲಿಗೆ ಕಳುಹಿಸಲು ಹಿಂಜರಿದರು. ತಮ್ಮ ನಾಡಿನ ಕಾಯಿದೆಯು ತಮ್ಮ ನಾಡಿನ ಎಲ್ಲೆಯಲ್ಲಿಯೇ ನಿಂತುಬಿಡುವುದೆಂಬುದನ್ನೂ, ಮಂಟಪದಲ್ಲಿ ನಿಂತು ನೋಡಿಕೊಂಡು ಹೋದವನು ಆ ಯಂತ್ರದ ಪ್ರತಿಯನ್ನು ಮಾಡಿ ಮಾರತೊಡಗಿದರೆ ತಮ್ಮ ಮೊರೆಯನ್ನು ಕೇಳುವ ನ್ಯಾಯಾಲಯವು ಅಲ್ಲಿ ದೊರೆಯಲಾರದೆಂಬುದನ್ನೂ ಅವರು ಚೆನ್ನಾಗಿ ಅರಿತಿದ್ದರು. ಆಸ್ಟ್ರಿಯಾದ ಸರ್ಕಾರವು ಪರದೇಶದ ಪ್ರದರ್ಶಕರಿಗೆ ತಾತ್ಕಾಲಿಕ ರಕ್ಷಣೆ ನೀಡುವ ವಿಶೇಷ ಶಾಸನವೊಂದನ್ನು ಮಾಡಿ ಈ ಭಯವನ್ನು ಶಮನಗೊಳಿಸಬೇಕಾಯಿತು. ಅದೇ ವರ್ಷ ಅದೇ ನಗರದಲ್ಲಿ ನಡೆದ ಪೇಟೆಂಟ್ ಸುಧಾರಣಾ ಸಮ್ಮೇಳನದಲ್ಲಿ ಮೊದಲಾದ ವಿಚಾರವೇ ಹತ್ತು ವರ್ಷಗಳ ತರುವಾಯ, 1883ರ ಮಾರ್ಚ್ 20ರಂದು, ಹನ್ನೊಂದು ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಸಹಿಹಾಕಿದ ಔದ್ಯಮಿಕ ಸ್ವತ್ತಿನ ಒಪ್ಪಂದವಾಗಿ ಪರಿಣಮಿಸಿತು. ಹಕ್ಕು ದೇಶದ ಎಲ್ಲೆಯೊಳಗೆ ನಿಲ್ಲುವಂಥದು, ಖೋಟಾ ಮಾಲು ಎಲ್ಲೆಯನ್ನು ದಾಟಿ ಸಂಚರಿಸುವಂಥದು. ಈ ವೈಷಮ್ಯವನ್ನು ಪರಿಹರಿಸುವುದಕ್ಕಾಗಿ ಕಳೆದ ನೂರನಲವತ್ತು ವರ್ಷಗಳಲ್ಲಿ ರಾಷ್ಟ್ರಗಳು ನಡೆಸಿರುವ ಪ್ರಯತ್ನಗಳ ಸ್ಥೂಲವಾದ ಚರಿತ್ರೆಯೇ ಈ ಲೇಖನದ ವಿಷಯ. ವಂಚನೆಗೊಳಗಾಗುವ ಕೊಳ್ಳುವವನನ್ನು ಮುಂದಿರಿಸಿಕೊಂಡು ಹೊರಟ ಸಹಕಾರವು ಫಲಿಸಿತೆಂಬುದೂ, ಹಕ್ಕುದಾರರ ಎಲ್ಲ ಬಗೆಯ ವ್ಯಾಜ್ಯಗಳನ್ನೂ ಖೋಟಾತನದೊಡನೆ ಒಂದುಗೂಡಿಸಿ ಹೊರಟ ಸಹಕಾರವು ಅವಿಶ್ವಾಸದಲ್ಲಿ ಮುಗಿಯಿತೆಂಬುದೂ ಆ ಚರಿತ್ರೆಯಿಂದ ನನಗೆ ಮನದಟ್ಟಾಗಿರುವ ಅಂಶ.

ಭಾರತಕ್ಕೂ ಈ ಚರಿತ್ರೆಗೂ ಸಂಬಂಧವು ಆರಂಭದಿಂದಲೇ ಉಂಟು. ಮ್ಯಾಂಚೆಸ್ಟರಿನಿಂದ ನಮ್ಮ ಪೇಟೆಗಳಿಗೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಆನೆ, ಹುಲಿ, ದೇವತೆಗಳ ಚಿತ್ರವುಳ್ಳ ಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ಇಂಗ್ಲಿಷ್ ಅಕ್ಷರವನ್ನು ಓದಲಾರದ ಗಿರಾಕಿಯು ಆ ಛಾಪನ್ನು ನೋಡಿಯೇ ಮಾಲಿನ ಗುಣವನ್ನು ನಿಶ್ಚಯಿಸುತ್ತಿದ್ದುದರಿಂದ, ಒಬ್ಬರ ಛಾಪನ್ನು ಇನ್ನೊಬ್ಬರು ತುಸು ತಿದ್ದಿ ಕೆಳದರ್ಜೆಯ ಬಟ್ಟೆಗೆ ಹಚ್ಚಿದರೆಂಬ ತಕರಾರುಗಳು ಆ ವ್ಯಾಪಾರದಲ್ಲಿ ಹೇರಳವಾಗಿದ್ದುವು. ಅತ್ತ ಇಂಗ್ಲೆಂಡಿನಲ್ಲಿ ಶೆಫೀಲ್ಡಿನ ಚೂರಿ ಕತ್ತರಿಗಳ ತಯಾರಕರು, ಜರ್ಮನಿಯಿಂದ ಬಂದ ಅಗ್ಗದ ಅಲಗುಗಳ ಮೇಲೆ ತಮ್ಮ ಊರಿನ ಹೆಸರನ್ನೇ ಕೊರೆದು ಮಾರುತ್ತಿದ್ದಾರೆಂದು ಕೂಗೆಬ್ಬಿಸಿದರು. ಅದರ ಫಲವಾಗಿ 1887ರಲ್ಲಿ ಬ್ರಿಟಿಷ್ ಸರಕುಮುದ್ರೆಗಳ ಕಾಯಿದೆಯು ಬಂದಿತು, ಅದರ ಮಾದರಿಯಲ್ಲಿಯೇ 1889ರಲ್ಲಿ ಭಾರತದ ಸರಕುಮುದ್ರೆಗಳ ಕಾಯಿದೆಯೂ ಜಾರಿಯಾಯಿತು. ಸುಳ್ಳು ಊರಿನ ಹೆಸರನ್ನು ಹೊತ್ತ ಸರಕನ್ನು ಆಮದಿನ ಕಾಲಕ್ಕೇ ಹಿಡಿಯಬೇಕೆಂಬ ಮ್ಯಾಡ್ರಿಡ್ ಒಪ್ಪಂದವು 1891ರದು. ಪ್ಯಾರಿಸ್ ಒಪ್ಪಂದವೂ ಸುಳ್ಳು ಮುದ್ರೆಯ ಸರಕನ್ನು ಆಮದಿನ ಹಂತದಲ್ಲಿ ಮುಟ್ಟುಗೋಲು ಹಾಕಿಕೊಳ್ಳಬೇಕೆಂದು ಹೇಳಿತು. ಆದರೆ ಆ ದೇಶದ ಕಾಯಿದೆಯಲ್ಲಿ ಮುಟ್ಟುಗೋಲಿಗೆ ಅವಕಾಶವಿಲ್ಲದಿದ್ದರೆ ಆ ದೇಶದಲ್ಲಿ ದೊರೆಯುವ ಬೇರೆ ಪರಿಹಾರವೇ ಸಾಕೆಂದು ಒಡನೆಯೇ ಸಡಿಲಿಸಿಯೂ ಬಿಟ್ಟಿತು. ಹೀಗೆ ಹಕ್ಕನ್ನು ಪರಸ್ಪರ ಮನ್ನಿಸುವ ವಿಷಯದಲ್ಲಿ ರಾಷ್ಟ್ರಗಳು ಬಹುದೂರ ನಡೆದರೂ, ಆ ಹಕ್ಕನ್ನು ಜಾರಿಗೆ ತರುವ ವಿಷಯದಲ್ಲಿ ಪ್ರತಿಯೊಂದು ರಾಷ್ಟ್ರವೂ ತನ್ನ ಸ್ವಾತಂತ್ರ್ಯವನ್ನು ಭದ್ರವಾಗಿ ಹಿಡಿದುಕೊಂಡಿತು.

ಇದೇ ರಾಷ್ಟ್ರಗಳು ಮನಸ್ಸು ಮಾಡಿದರೆ ಎಷ್ಟು ಶೀಘ್ರವಾಗಿ ಒಂದುಗೂಡಬಲ್ಲವೆಂಬುದಕ್ಕೆ ಖೋಟಾ ನಾಣ್ಯದ ಪ್ರಕರಣವು ನಿದರ್ಶನವಾಗಿದೆ. 1925ರ ಡಿಸೆಂಬರಿನಲ್ಲಿ ಹಂಗೇರಿಯ ಸೇನಾಧಿಕಾರಿಯೊಬ್ಬನು ಹಾಲೆಂಡಿನಲ್ಲಿ ಸಾವಿರ ಫ್ರಾಂಕುಗಳ ಖೋಟಾ ಫ್ರೆಂಚ್ ನೋಟನ್ನು ಚಲಾಯಿಸಲು ಹೋಗಿ ಸಿಕ್ಕಿಬಿದ್ದನು. ವಿಚಾರಣೆ ಮುಂದುವರಿದಂತೆಲ್ಲ ಆ ನೋಟುಗಳು ಬುಡಾಪೆಸ್ಟಿನಲ್ಲಿಯೇ ಅಚ್ಚಾದುವೆಂಬುದೂ, ಆ ದೇಶದ ಪೋಲೀಸ್ ಮುಖ್ಯಾಧಿಕಾರಿಯೇ ಆ ಸಂಚಿನಲ್ಲಿ ಪಾಲುಗೊಂಡಿದ್ದನೆಂಬುದೂ ಹೊರಬಿದ್ದುವು. ಫ್ರಾನ್ಸಿನ ಒತ್ತಾಯದ ಮೇಲೆ ರಾಷ್ಟ್ರಸಂಘವು ಈ ವಿಷಯವನ್ನು ಕೈಗೆತ್ತಿಕೊಂಡು, 1929ರ ಏಪ್ರಿಲಿನಲ್ಲಿಯೇ ಜಿನೀವಾದಲ್ಲಿ ಒಪ್ಪಂದವೊಂದನ್ನು ಸಿದ್ಧಗೊಳಿಸಿತು. ಸ್ವದೇಶದ ನಾಣ್ಯವೆಂದೂ ಪರದೇಶದ ನಾಣ್ಯವೆಂದೂ ಭೇದವೆಣಿಸದೆ ಖೋಟಾ ಮಾಡಿದವನನ್ನು ಶಿಕ್ಷಿಸಬೇಕು, ಪ್ರತಿಯೊಂದು ದೇಶವೂ ಒಂದು ಕೇಂದ್ರ ಕಚೇರಿಯನ್ನು ಇಟ್ಟುಕೊಂಡು ಇತರ ದೇಶಗಳ ಅಂಥ ಕಚೇರಿಗಳೊಡನೆ ನೇರವಾಗಿ ಪತ್ರವ್ಯವಹಾರ ನಡೆಸಬೇಕು ಎಂಬುವು ಅದರ ತಿರುಳು. 1923ರಲ್ಲಿ ವಿಯೆನ್ನಾದಲ್ಲಿ ಜನ್ಮತಾಳಿ ಮುಂದೆ ಇಂಟರ್‌ಪೋಲ್ ಎಂದು ಹೆಸರಾದ ಪೋಲೀಸ್ ಸಂಸ್ಥೆಗೆ ಈ ಕಾರ್ಯದಿಂದ ಬಲವು ಬಂದಿತು. ನಾಣ್ಯವು ರಾಜ್ಯದ ಸ್ವಂತ ಮುದ್ರೆಯಾದುದರಿಂದ ನಾಲ್ಕು ವರ್ಷಗಳೊಳಗೆ ಸಾಧಿತವಾದ ಈ ಐಕಮತ್ಯವು, ವರ್ತಕನ ಮುದ್ರೆಯ ವಿಷಯದಲ್ಲಿ ಸಾಧಿತವಾಗುವುದಕ್ಕೆ ಮತ್ತೆ ಅರುವತ್ತೈದು ವರ್ಷಗಳು ಬೇಕಾದುವು.

ಎರಡನೆಯ ಮಹಾಯುದ್ಧದ ತರುವಾಯದ ದಶಕಗಳಲ್ಲಿ ಸಂಸ್ಥೆಗಳು ಬೆಳೆದುವು. 1967ರಲ್ಲಿ ಸ್ಟಾಕ್‌ಹೋಮಿನಲ್ಲಿ ಸಹಿಯಾದ ಒಪ್ಪಂದದಿಂದ ವಿಶ್ವ ಬೌದ್ಧಿಕ ಸ್ವತ್ತಿನ ಸಂಸ್ಥೆಯು ಹುಟ್ಟಿ 1974ರಲ್ಲಿ ವಿಶ್ವಸಂಸ್ಥೆಯ ಅಂಗವಾಯಿತು. ಸುಂಕದ ಇಲಾಖೆಗಳ ಅಂತಾರಾಷ್ಟ್ರೀಯ ಮಂಡಲಿಯು ಬ್ರಸೆಲ್ಸಿನಲ್ಲಿ ನೆಲೆಗೊಂಡಿತು. ಆದರೆ ಹೊಸದಾಗಿ ಸ್ವತಂತ್ರಗೊಂಡ ರಾಷ್ಟ್ರಗಳಿಗೆ ಈ ವ್ಯವಸ್ಥೆಯಲ್ಲಿ ಪೂರ್ಣವಿಶ್ವಾಸವಿರಲಿಲ್ಲ. ಭಾರತವು ಪ್ಯಾರಿಸ್ ಒಪ್ಪಂದದ ಸದಸ್ಯತ್ವವನ್ನು ಸ್ವೀಕರಿಸಿದುದು 1998ರ ಡಿಸೆಂಬರಿನಲ್ಲಿ, ಎಂದರೆ ಆ ಒಪ್ಪಂದವು ಹುಟ್ಟಿದ ನೂರಹದಿನೈದು ವರ್ಷಗಳ ಅನಂತರ. ಅಗ್ಗದ ಮದ್ದನ್ನು ಜನರಿಗೆ ಒದಗಿಸಬೇಕಾದ ಬಡರಾಷ್ಟ್ರವೊಂದು, ಮದ್ದಿನ ಏಕಸ್ವಾಮ್ಯವನ್ನು ಬಲಪಡಿಸುವ ಕೂಟದಿಂದ ದೂರನಿಂತುದನ್ನು ನಾನು ದೋಷವೆಂದು ಎಣಿಸಲಾರೆ. ಅತ್ತ ಪಶ್ಚಿಮದಲ್ಲಿ 1970ರ ದಶಕದ ಹೊತ್ತಿಗೆ ಜೀನ್ಸ್ ಬಟ್ಟೆ, ಗಡಿಯಾರ, ಸುಗಂಧದ್ರವ್ಯಗಳ ತಯಾರಕರು ನಕಲಿ ಮಾಲಿನಿಂದ ತತ್ತರಿಸತೊಡಗಿ, ತಮ್ಮ ಸರ್ಕಾರಗಳನ್ನು ಎಚ್ಚರಿಸತೊಡಗಿದರು. ಅಮೆರಿಕವೂ ಯುರೋಪಿನ ಸಮುದಾಯವೂ ಕೂಡಿ ಖೋಟಾ ಮಾಲಿನ ಆಮದನ್ನು ತಡೆಯುವ ಕರಡು ಒಪ್ಪಂದವೊಂದನ್ನು ಟೋಕಿಯೋ ಸುತ್ತಿನ ವಾಣಿಜ್ಯ ಮಾತುಕತೆಗಳ ಕೊನೆಗೆ, 1979ರ ಸುಮಾರಿಗೆ, ಮುಂದಿರಿಸಿದುವು, ಅದು ಅಂಗೀಕಾರವಾಗಲಿಲ್ಲ. ಮುಂದಿನ ಉರುಗ್ವೆ ಸುತ್ತಿನಲ್ಲಿ ಆ ಕರಡಿನ ಬೀಜವು ಯಾರೂ ಎಣಿಸದಷ್ಟು ದೊಡ್ಡ ಮರವಾಗಿ ಬೆಳೆಯಿತು.

1994ರ ಏಪ್ರಿಲ್ 15ರಂದು ಮರಾಕೆಷ್ ನಗರದಲ್ಲಿ ಸಹಿಯಾಗಿ ಮರುವರ್ಷದ ಜನವರಿ 1ರಿಂದ ಜಾರಿಗೆ ಬಂದ, ವಿಶ್ವ ವಾಣಿಜ್ಯ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದವಾದ ಟ್ರಿಪ್ಸಿನ ಮೂರನೆಯ ಭಾಗವು, ಹಕ್ಕಿನ ಜಾರಿಯ ಬಗೆಗೆ ಸಮಸ್ತ ಸದಸ್ಯ ರಾಷ್ಟ್ರಗಳನ್ನೂ ಬಂಧಿಸುವ ಮೊದಲನೆಯ ವಿಸ್ತಾರವಾದ ನಿಯಮಾವಳಿ. ಖೋಟಾ ವ್ಯಾಪಾರಮುದ್ರೆಯ ಸರಕನ್ನೂ ಕಳ್ಳಪ್ರತಿಗಳನ್ನೂ ಗಡಿಯಲ್ಲಿ ತಡೆಯುವ ಏರ್ಪಾಟು ಪ್ರತಿಯೊಂದು ದೇಶದಲ್ಲಿಯೂ ಇರಬೇಕು. ವಾಣಿಜ್ಯ ಪ್ರಮಾಣದಲ್ಲಿ ಬುದ್ಧಿಪೂರ್ವಕವಾಗಿ ಖೋಟಾ ಮಾಡುವವನಿಗೆ ಕ್ರಿಮಿನಲ್ ಶಿಕ್ಷೆ ಇರಬೇಕು. ಸುಂಕದ ಅಧಿಕಾರಿಗಳು ಪರಸ್ಪರ ಮಾಹಿತಿಯನ್ನು ವಿನಿಮಯಿಸಿಕೊಳ್ಳಬೇಕು. ಇದಕ್ಕಾಗಿ ಪ್ರತ್ಯೇಕವಾದ ನ್ಯಾಯವ್ಯವಸ್ಥೆಯೊಂದನ್ನು ಕಟ್ಟಬೇಕಾದ ಬಾಧ್ಯತೆ ಯಾವ ದೇಶಕ್ಕೂ ಇಲ್ಲವೆಂಬ ಉಪವಾಕ್ಯವು ಭಾರತದ ಪ್ರಯತ್ನದಿಂದ ಅದರಲ್ಲಿ ಸೇರಿತು. ಲಕ್ಷಾಂತರ ಮೊಕದ್ದಮೆಗಳು ಸರದಿಯಲ್ಲಿ ಕಾಯುತ್ತಿರುವ ದೇಶವು, ಪರದೇಶದ ಕಂಪನಿಯ ದೂರಿಗೆ ಮಾತ್ರ ಬೇರೊಂದು ಬಾಗಿಲನ್ನು ತೆರೆಯಬೇಕೆಂದು ವಿಧಿಸುವುದು ಅನ್ಯಾಯವೇ ಆಗುತ್ತಿದ್ದಿತು.

ಈ ನಿಯಮಗಳು ಬಂದರಿನಲ್ಲಿ ನಡೆಯುವ ಕ್ರಮವನ್ನು ತುಸು ಹತ್ತಿರದಿಂದ ನೋಡೋಣ. ಭಾರತದಲ್ಲಿ 1962ರ ಸುಂಕ ಕಾಯಿದೆಯ ಅಡಿಯಲ್ಲಿ 2007ರ ಮೇ ತಿಂಗಳಿನಲ್ಲಿ ಹೊರಬಿದ್ದ ನಿಯಮಗಳ ಪ್ರಕಾರ, ಮುದ್ರೆಯ ಒಡೆಯನು ತನ್ನ ಹಕ್ಕಿನ ದಾಖಲೆಯನ್ನೂ ಅಸಲು ಮಾಲಿನ ಲಕ್ಷಣಗಳನ್ನೂ ಕಸ್ಟಮ್ಸ್ ಕಮಿಷನರಿಗೆ ಮುಂಚಿತವಾಗಿ ಒಪ್ಪಿಸಿ ಹೆಸರನ್ನು ನೋಂದಾಯಿಸಬೇಕು. ತನ್ನ ದೂರು ಸುಳ್ಳಾದಲ್ಲಿ ಆಮದುದಾರನಿಗೂ ಇಲಾಖೆಗೂ ಆಗುವ ನಷ್ಟವನ್ನು ತಾನೇ ತುಂಬಿಕೊಡುವೆನೆಂದು ಮುಚ್ಚಳಿಕೆಯನ್ನು ಬರೆದು, ಜಾಮೀನನ್ನೂ ಕೊಡಬೇಕು. ಸಂದೇಹಕ್ಕೆ ಆಸ್ಪದವುಳ್ಳ ಪೆಟ್ಟಿಗೆಯು ಬಂದಾಗ ಅಧಿಕಾರಿಯು ಅದರ ಬಿಡುಗಡೆಯನ್ನು ತಡೆದು ಇಬ್ಬರಿಗೂ ತಿಳಿಸುತ್ತಾನೆ. ಒಡೆಯನು ಹತ್ತು ಕೆಲಸದ ದಿನಗಳೊಳಗೆ ಬಂದು ವಿಚಾರಣೆಯಲ್ಲಿ ಸೇರದಿದ್ದರೆ, ಬೇರೆ ಆಕ್ಷೇಪಣೆಗಳಿಲ್ಲದ ಪಕ್ಷದಲ್ಲಿ, ಮಾಲನ್ನು ಬಿಟ್ಟುಕೊಡಬೇಕು. ಖೋಟಾ ಎಂದು ಸಿದ್ಧವಾದುದನ್ನು ನಾಶಗೊಳಿಸಬೇಕೇ ಹೊರತು, ಇದ್ದ ಸ್ಥಿತಿಯಲ್ಲಿಯೇ ಹಿಂದಕ್ಕೆ ಕಳುಹಿಸಿ ಮತ್ತೊಂದು ಬಂದರಿಗೆ ಹೋಗಗೊಡಬಾರದು. ಮುಚ್ಚಳಿಕೆಯ ಈ ನಿಯಮವು ಬರಿಯ ಕಾಗದದ ಕೆಲಸವಲ್ಲ. ಪ್ರತಿಸ್ಪರ್ಧಿಯ ನ್ಯಾಯವಾದ ಸರಕನ್ನು ಬಂದರಿನಲ್ಲಿ ಕೊಳೆಯಿಸುವ ಆಯುಧವಾಗಿ ಗಡಿಯ ಅಧಿಕಾರವು ಬಳಕೆಯಾಗಬಾರದೆಂಬ ವಿವೇಕವು ಅದರೊಳಗಿದೆ. ಆ ವಿವೇಕವನ್ನು ಮೀರಿದರೆ ಏನಾಗುವುದೆಂಬುದೂ ಬೇಗನೆ ತಿಳಿದುಬಂದಿತು. ಟ್ರಿಪ್ಸ್ ಕೇಳದಿದ್ದರೂ ಭಾರತದ ನಿಯಮಗಳು ಪೇಟೆಂಟನ್ನೂ ಗಡಿಯ ತಡೆಯಲ್ಲಿ ಸೇರಿಸಿದ್ದುವು. ಎರಡು ಸಿಮ್‌ಗಳ ಮೊಬೈಲಿನ ಮೇಲಿನ ಪೇಟೆಂಟೊಂದನ್ನು ಮುಂದಿಟ್ಟುಕೊಂಡು ಹಲವು ಆಮದುದಾರರ ಫೋನುಗಳನ್ನು ತಡೆಯಲಾಯಿತು, ಆ ಪೇಟೆಂಟೇ ಅನಂತರ ರದ್ದಾಯಿತು. ಯಂತ್ರದ ಒಳಗಿನ ಸೂಕ್ಷ್ಮವನ್ನು ನಿರ್ಣಯಿಸುವುದು ಬಂದರಿನ ಕಟ್ಟೆಯ ಮೇಲೆ ನಿಂತ ಅಧಿಕಾರಿಗೆ ಸಾಧ್ಯವಲ್ಲವೆಂಬುದನ್ನು ಒಪ್ಪಿ, 2018ರಲ್ಲಿ ಸರ್ಕಾರವು ಪೇಟೆಂಟನ್ನು ಆ ನಿಯಮಗಳಿಂದ ಕೈಬಿಟ್ಟಿತು.

ಯುರೋಪಿನಲ್ಲಿ ಇದೇ ಗೊಂದಲವು ಹೆಚ್ಚು ದಾರುಣವಾದ ರೂಪವನ್ನು ತಾಳಿತು. 2008ರ ಡಿಸೆಂಬರಿನಲ್ಲಿ, ಭಾರತದಿಂದ ಬ್ರೆಜಿಲಿಗೆ ಹೊರಟಿದ್ದ ರಕ್ತದೊತ್ತಡದ ಮದ್ದಾದ ಲೊಸಾರ್ಟಾನಿನ ಸಾಗಣೆಯೊಂದನ್ನು ನೆದರ್‌ಲೆಂಡ್ಸಿನ ಸುಂಕಾಧಿಕಾರಿಗಳು ತಡೆದರು. ಕಳುಹಿಸಿದ ಭಾರತದಲ್ಲಿಯಾಗಲಿ ತರಿಸಿಕೊಂಡ ಬ್ರೆಜಿಲಿನಲ್ಲಿಯಾಗಲಿ ಆ ಮದ್ದಿಗೆ ಪೇಟೆಂಟ್ ಇರಲಿಲ್ಲ. ದಾರಿಯ ನಡುವಣ ದೇಶದಲ್ಲಿ ಮಾತ್ರ ಇದ್ದಿತು. ವಾರಗಟ್ಟಲೆ ನಿಂತ ಆ ಮದ್ದು ಕಡೆಗೆ ಭಾರತಕ್ಕೇ ಹಿಂದಿರುಗಿತು. ಮರುವರ್ಷದ ಮೇ ತಿಂಗಳಿನಲ್ಲಿ ಶಾಂತಸಾಗರದ ವನುವಾಟು ದ್ವೀಪರಾಷ್ಟ್ರಕ್ಕೆ ಹೊರಟಿದ್ದ ಸುಮಾರು 30 ಲಕ್ಷ ಅಮಾಕ್ಸಿಸಿಲಿನ್ ಮಾತ್ರೆಗಳು ಫ್ರಾಂಕ್‌ಫರ್ಟಿನಲ್ಲಿ ನಿಂತುವು. ಅಮಾಕ್ಸಿಸಿಲಿನ್ ಎಂಬುದು ಆ ಔಷಧಕ್ಕೆ ಸರ್ವರೂ ಬಳಸಬಹುದಾದ ಸಾಮಾನ್ಯ ಹೆಸರು; ಒಂದು ಕಂಪನಿಯ ವ್ಯಾಪಾರನಾಮವು ಅದನ್ನು ಹೋಲುತ್ತದೆಂಬ ಸಂದೇಹವೇ ತಡೆಗೆ ಕಾರಣವಾಗಿದ್ದಿತು. ತನ್ನ ಮುದ್ರೆಗೆ ಯಾವ ಭಂಗವೂ ಬಂದಿಲ್ಲವೆಂದು ಆ ಕಂಪನಿಯೇ ತಿಳಿಸಿದ ಮೇಲೆ ಮಾಲು ಬಿಡುಗಡೆಯಾಯಿತು. ಈ ಮಾತ್ರೆಗಳಲ್ಲಿ ಯಾವುದೂ ಖೋಟಾ ಆಗಿರಲಿಲ್ಲ. ರೋಗಿಗಳಿಗೆ ಸೇರಬೇಕಾಗಿದ್ದ ಒಳ್ಳೆಯ ಔಷಧವು, ಖೋಟಾ ಮಾಲನ್ನು ತಡೆಯುವ ಹೆಸರಿನಲ್ಲಿ, ಗೋದಾಮಿನಲ್ಲಿ ಬಿದ್ದಿದ್ದಿತು. 2010ರ ಮೇ ತಿಂಗಳಿನಲ್ಲಿ ಭಾರತವೂ ಬ್ರೆಜಿಲೂ ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ವ್ಯಾಜ್ಯ ಹೂಡಿದುವು. ಮರುವರ್ಷ ಭಾರತಕ್ಕೂ ಯುರೋಪಿಗೂ ತಿಳಿವಳಿಕೆಯೊಂದು ಏರ್ಪಟ್ಟಿತು. 2011ರ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯವು ಫಿಲಿಪ್ಸ್ ಮತ್ತು ನೋಕಿಯ ಪ್ರಕರಣಗಳಲ್ಲಿ, ದಾರಿಹೋಕ ಸರಕನ್ನು ಯುರೋಪಿನಲ್ಲಿಯೇ ಮಾರುವ ಉದ್ದೇಶವು ಕಂಡುಬಂದ ಹೊರತು ಅದನ್ನು ಖೋಟಾ ಎಂದು ಹಿಡಿಯತಕ್ಕದ್ದಲ್ಲವೆಂದು ತೀರ್ಪಿತ್ತಿತು.

ಆ ಕಾಲದ ಅವಿಶ್ವಾಸಕ್ಕೆ ಇನ್ನೂ ಹಲವು ಕಾರಣಗಳಿದ್ದುವು. ಸುಂಕದ ಇಲಾಖೆಗಳ ಮಂಡಲಿಯಲ್ಲಿ ‘ಸೆಕ್ಯೂರ್’ ಎಂಬ ಹೆಸರಿನಿಂದ ಟ್ರಿಪ್ಸನ್ನು ಮೀರಿದ ಮಾನದಂಡಗಳನ್ನು ತರುವ ಪ್ರಯತ್ನವು ಅಭಿವೃದ್ಧಿಶೀಲ ರಾಷ್ಟ್ರಗಳ ವಿರೋಧದಿಂದ ಕುಸಿಯಿತು. ಕೆಲವೇ ರಾಷ್ಟ್ರಗಳು ಕೂಡಿ ಗುಟ್ಟಾಗಿ ಮಾತುಕತೆ ನಡೆಸಿ ಸಿದ್ಧಗೊಳಿಸಿದ ‘ಆಕ್ಟಾ’ ಎಂಬ ಖೋಟಾವಿರೋಧಿ ಒಪ್ಪಂದಕ್ಕೆ 2011ರ ಅಕ್ಟೋಬರಿನಲ್ಲಿ ಟೋಕಿಯೋದಲ್ಲಿ ಸಹಿಗಳು ಬಿದ್ದುವು. ಅದರ ಕರಡನ್ನು ಬಹುಕಾಲ ಜನರ ಕಣ್ಣಿಗೆ ಬೀಳಗೊಡದಿದ್ದುದೇ ಅದಕ್ಕೆ ಮುಳುವಾಯಿತು. ಪೋಲೆಂಡಿನಿಂದ ಮೊದಲುಗೊಂಡು ಅನೇಕ ದೇಶಗಳ ತರುಣರು ಬೀದಿಗಿಳಿದರು. 2012ರ ಜುಲೈ 4ರಂದು ಯುರೋಪಿನ ಸಂಸತ್ತು 39ಕ್ಕೆ ವಿರುದ್ಧವಾಗಿ 478 ಮತಗಳಿಂದ ಅದನ್ನು ತಳ್ಳಿಹಾಕಿತು. ಸಹಿಹಾಕಿದವರಲ್ಲಿ ಜಪಾನೊಂದೇ ಅದನ್ನು ಅನುಮೋದಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಕೀನ್ಯಾದ ಉಚ್ಚ ನ್ಯಾಯಾಲಯವು, ಎಚ್‌ಐವಿ ಪೀಡಿತರು ತಂದ ಅರ್ಜಿಯ ಮೇಲೆ, ಆ ದೇಶದ 2008ರ ಖೋಟಾವಿರೋಧಿ ಕಾಯಿದೆಯು ನ್ಯಾಯವಾದ ಜನರಿಕ್ ಮದ್ದುಗಳನ್ನೂ ಒಳಗೊಳ್ಳುವಂತಿರುವುದರಿಂದ ರೋಗಿಗಳ ಜೀವಿಸುವ ಹಕ್ಕಿಗೇ ಕುತ್ತು ತರುವುದೆಂದು ತೀರ್ಮಾನಿಸಿತು. ಇವೆಲ್ಲವನ್ನೂ ಖೋಟಾಗಾರರ ಗೆಲುವೆಂದು ದುಃಖಿಸುವವರುಂಟು. ಗಡಿಯನ್ನು ಮೀರಿದ ಅಧಿಕಾರವು ತನ್ನ ಮಿತಿಯನ್ನು ಕಲಿತುಕೊಂಡ ವರ್ಷವೆಂದೇ ನಾನು 2012ನ್ನು ಎಣಿಸುತ್ತೇನೆ.

ಹೀಗೆಂದು ಖೋಟಾ ಮದ್ದಿನ ಪಿಡುಗನ್ನು ಕಿರಿದುಮಾಡಿ ನೋಡುವುದು ಘೋರವಾದ ತಪ್ಪಾಗುವುದು. ಆಗ್ನೇಯ ಏಷ್ಯದಲ್ಲಿ ಮಲೇರಿಯಾಕ್ಕೆ ಕೊಡುವ ಆರ್ಟೆಸುನೇಟ್ ಮಾತ್ರೆಯ ಕಥೆಯನ್ನು ಕೇಳಿದವರು ಅಂಥ ತಪ್ಪನ್ನು ಮಾಡಲಾರರು. ಆ ಪ್ರದೇಶದ ವೈದ್ಯರು, ವಿಶ್ವ ಆರೋಗ್ಯ ಸಂಸ್ಥೆ, ಇಂಟರ್‌ಪೋಲ್ ಮತ್ತು ಚೀನಾದ ಪೋಲೀಸರು ಕೂಡಿ ‘ಆಪರೇಷನ್ ಜ್ಯೂಪಿಟರ್’ ಎಂಬ ಹೆಸರಿನಿಂದ ನಡೆಸಿದ ತನಿಖೆಯಲ್ಲಿ, ವಿಯೆಟ್ನಾಂ, ಕಾಂಬೋಡಿಯ, ಲಾವೋಸ್, ಮ್ಯಾನ್ಮಾರ್ ಮತ್ತು ಥಾಯ್ ಗಡಿಯಿಂದ ತಂದ 391 ಮಾದರಿಗಳನ್ನು ಪರೀಕ್ಷಿಸಲಾಗಿ, 195 ಖೋಟಾ ಎಂದು ಕಂಡುಬಂದುವು. ಅಸಲು ಪೊಟ್ಟಣದ ಮೇಲಿನ ಹೋಲೋಗ್ರಾಂ ಚೀಟಿಯನ್ನು ಹತ್ತಕ್ಕೂ ಹೆಚ್ಚು ಬಗೆಗಳಲ್ಲಿ ಅನುಕರಿಸಲಾಗಿದ್ದಿತು. ಕೆಲವು ಮಾತ್ರೆಗಳಲ್ಲಿ ಮದ್ದೇ ಇರಲಿಲ್ಲ; ಕೆಲವುಗಳಲ್ಲಿ ಜ್ವರದ ತಾಪವನ್ನು ಇಳಿಸಿ ರೋಗವನ್ನು ಮರೆಸುವ ಪದಾರ್ಥಗಳಿದ್ದುವು; ಮತ್ತೆ ಕೆಲವುಗಳಲ್ಲಿ, ಪರೀಕ್ಷೆಗೆ ಸಿಕ್ಕದಿರಲೆಂದು ಬೆರೆಸಿದಂತೆ ತೋರುವ ಅತ್ಯಲ್ಪ ಪ್ರಮಾಣದ ಅಸಲು ಮದ್ದಿದ್ದು, ಅದು ರೋಗಾಣುಗಳನ್ನು ಕೊಲ್ಲದೆ ಮದ್ದನ್ನೇ ಲೆಕ್ಕಿಸದಂತೆ ಅವನ್ನು ಪಳಗಿಸುವ ಅಪಾಯವಿದ್ದಿತು. ಈ ಮಾತ್ರೆಗಳು ಎಲ್ಲಿ ಹುಟ್ಟಿದುವು? ಆ ಪ್ರಶ್ನೆಗೆ ಉತ್ತರವನ್ನು ಹೇಳಿದುದು ಮಾತ್ರೆಯೊಳಗೆ ಸಿಕ್ಕಿಕೊಂಡಿದ್ದ ಹೂವಿನ ಪರಾಗ. ನ್ಯೂಜಿಲೆಂಡಿನ ಪರಾಗತಜ್ಞರು ಆ ಕಣಗಳನ್ನೂ, ಖನಿಜತಜ್ಞರು ಮಾತ್ರೆಗೆ ಬೆರೆಸಿದ್ದ ಸುಣ್ಣದ ಖನಿಜವನ್ನೂ ಪರಿಶೀಲಿಸಿ, ಕೆಲವಾದರೂ ದಕ್ಷಿಣ ಚೀನಾದ ಗಡಿಪ್ರದೇಶದಲ್ಲಿ ತಯಾರಾದುವೆಂದು ಅನುಮಾನಿಸಿದರು. ಆ ಸಾಕ್ಷ್ಯವನ್ನು ಕೈಗೆ ತೆಗೆದುಕೊಂಡ ಚೀನಾದ ಪೋಲೀಸರು ಯುನ್ನಾನ್ ಪ್ರಾಂತದಲ್ಲಿ ಬಂಧನವನ್ನೂ ನಡೆಸಿದರು. 2,40,000 ಪೊಟ್ಟಣಗಳ ವ್ಯಾಪಾರವು ನಡೆದಿತ್ತೆಂದು ಹೇಳಲಾಗಿ, ಅವುಗಳಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಕೈಸೇರಿತು.

ವೈದ್ಯನೂ ಸಸ್ಯವಿಜ್ಞಾನಿಯೂ ಪೋಲೀಸನೂ ಗಡಿಗಳನ್ನು ದಾಟಿ ಹೀಗೆ ಒಟ್ಟುಗೂಡಿದ ಈ ಪ್ರಸಂಗವನ್ನು ಇಡೀ ಕ್ಷೇತ್ರದ ಅತ್ಯುತ್ತಮ ಕಾರ್ಯವೆಂದು ನಾನು ಭಾವಿಸುತ್ತೇನೆ. ಮುದ್ರೆ ಯಾರದೆಂಬ ಚರ್ಚೆ ಅಲ್ಲಿ ಮುಖ್ಯವಾಗಲಿಲ್ಲ, ಮಾತ್ರೆ ನುಂಗಿದ ಮಗು ಬದುಕೀತೇ ಎಂಬುದೇ ಮುಖ್ಯವಾಯಿತು. ಆದುದರಿಂದಲೇ ಚೀನಾವು ತನ್ನ ನೆಲದ ಮೇಲಿನ ಅಪರಾಧವನ್ನು ಮರೆಮಾಚದೆ ಕೈಜೋಡಿಸಿತು. ಭಾರತಕ್ಕೂ ಈ ವಿಷಯದಲ್ಲಿ ಸ್ವಂತವಾದ ನೋವುಂಟು: 2009ರಲ್ಲಿ ನೈಜೀರಿಯಾದ ಔಷಧ ನಿಯಂತ್ರಣ ಸಂಸ್ಥೆಯು ಹಿಡಿದ ಖೋಟಾ ಮಲೇರಿಯಾ ಮದ್ದು ಭಾರತದಲ್ಲಿ ತಯಾರಾದುದೆಂಬ ಮುದ್ರೆಯನ್ನು ಹೊತ್ತಿದ್ದರೂ ಬಂದುದು ಚೀನಾದಿಂದ, ಎಂದರೆ ಇಲ್ಲಿ ಖೋಟಾ ಆದುದು ಒಂದು ದೇಶದ ಹೆಸರೇ. ಇಂಥ ಅನುಭವಗಳ ಬಲದಿಂದ, 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಳಗೆ ಸದಸ್ಯ ರಾಷ್ಟ್ರಗಳ ಸಾಮೂಹಿಕ ವ್ಯವಸ್ಥೆಯೊಂದು ರೂಪುಗೊಂಡಿತು. 2017ರಲ್ಲಿ ವಿಶ್ವ ಆರೋಗ್ಯ ಸಭೆಯು, ಗುಣಮಟ್ಟ ಕೆಟ್ಟ ಮದ್ದು ಮತ್ತು ಗುರುತನ್ನೇ ಸುಳ್ಳಾಗಿಸಿದ ಮದ್ದು ಎಂಬ ಎರಡು ವರ್ಗಗಳನ್ನು ಅಂಗೀಕರಿಸಿ, ಬೌದ್ಧಿಕ ಸ್ವತ್ತಿನ ಪ್ರಶ್ನೆಯನ್ನು ಆ ವ್ಯಾಖ್ಯೆಯಿಂದ ಹೊರಗಿರಿಸಿತು. ಭಾರತವು ಬಹುಕಾಲದಿಂದ ವಾದಿಸುತ್ತ ಬಂದುದು ಇದನ್ನೇ. ಇಂಟರ್‌ಪೋಲ್ 2008ರಿಂದ ನಡೆಸಿಕೊಂಡು ಬಂದಿರುವ ‘ಪ್ಯಾಂಜಿಯ’ ಎಂಬ ಕಾರ್ಯಾಚರಣೆಯು ಅಂತರ್ಜಾಲದಲ್ಲಿ ಮಾರಾಟವಾಗುವ ಅಕ್ರಮ ಮದ್ದಿನ ಮೇಲೆ ಅನೇಕ ದೇಶಗಳಲ್ಲಿ ಏಕಕಾಲಕ್ಕೆ ದಾಳಿ ನಡೆಸುತ್ತದೆ. ಯುರೋಪಿನ ಪರಿಷತ್ತು ರೂಪಿಸಿದ ‘ಮೆಡಿಕ್ರೈಮ್’ ಒಪ್ಪಂದವು 2016ರಿಂದ ಜಾರಿಯಲ್ಲಿದೆ.

ಖೋಟಾ ವ್ಯಾಪಾರದ ಒಟ್ಟು ಗಾತ್ರದ ಬಗೆಗೆ ಬಹಳವಾಗಿ ಉದ್ಧೃತವಾಗುವ ಅಂದಾಜುಗಳು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯೂ ಯುರೋಪಿನ ಬೌದ್ಧಿಕ ಸ್ವತ್ತಿನ ಕಚೇರಿಯೂ ಕೂಡಿ ಸಿದ್ಧಪಡಿಸಿದಂಥವು. 2013ರಲ್ಲಿ 461 ಶತಕೋಟಿ ಡಾಲರು, 2016ರಲ್ಲಿ 509 ಶತಕೋಟಿ, 2019ರಲ್ಲಿ 464 ಶತಕೋಟಿ, ಎಂದರೆ ವಿಶ್ವವ್ಯಾಪಾರದ ನೂರಕ್ಕೆ ಎರಡೂವರೆಯಿಂದ ಮೂರೂಕಾಲರಷ್ಟು. ಸುಂಕದವರ ಕೈಗೆ ಸಿಕ್ಕ ಮಾಲಿನಿಂದ ಸಿಕ್ಕದ ಮಾಲನ್ನು ಊಹಿಸಿ ಕಟ್ಟಿದ ಲೆಕ್ಕಗಳಾದುದರಿಂದ ಇವನ್ನು ದಿಕ್ಸೂಚಿಗಳೆಂದು ತಿಳಿಯುವುದು ಒಳ್ಳೆಯದು. ಒಂದು ದೇಶದಲ್ಲಿಯೇ ತಯಾರಾಗಿ ಅಲ್ಲಿಯೇ ಖರ್ಚಾಗುವ ಖೋಟಾ ಮಾಲು ಇವುಗಳಲ್ಲಿ ಸೇರಿಲ್ಲ. ಅಂಥ ಮಾಲಿಗೂ ಕೊರತೆಯಿಲ್ಲವೆಂಬುದನ್ನು ಕನ್ನಡಿಗರು ತಿಳಿಯರೇ? 2024ರ ಜನವರಿಯಲ್ಲಿ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ನಕಲಿ ಬಿಲ್ಲೆಗಳ ತಯಾರಿಕೆಯು ಹೈದರಾಬಾದಿನಲ್ಲಿ ಪತ್ತೆಯಾದಾಗ, ಕರ್ನಾಟಕದ ಸರ್ಕಾರಿ ಸಂಸ್ಥೆಯು ತೆಲಂಗಾಣದ ಪೋಲೀಸರ ನೆರವನ್ನು ಪಡೆಯಬೇಕಾಯಿತು. ಒಂದೇ ಸಂವಿಧಾನ, ಒಂದೇ ದಂಡಸಂಹಿತೆಯುಳ್ಳ ಎರಡು ರಾಜ್ಯಗಳ ನಡುವೆ ಇದು ಸುಲಭವಾಗಿ ಸಾಧ್ಯವಾಯಿತು. ರಾಷ್ಟ್ರಗಳ ನಡುವೆ ಇಂಥ ನೆರವು ಒಂದೊಂದು ಪತ್ರಕ್ಕೂ ತಿಂಗಳುಗಟ್ಟಲೆ ಕಾಯುತ್ತದೆ.

ಈಚಿನ ವರ್ಷಗಳಲ್ಲಿ ಈ ಕ್ಷೇತ್ರದ ನೆಲೆಯೇ ಬದಲಾಗುತ್ತಿದೆ. ಚಲನಚಿತ್ರದ ಕಳ್ಳಪ್ರತಿಗೆ ಈಗ ಪೆಟ್ಟಿಗೆಯೂ ಬೇಡ, ಬಂದರೂ ಬೇಡ. ಒಂದು ಜಾಲತಾಣವನ್ನು ಮುಚ್ಚಿಸಿದೊಡನೆ ಅದೇ ಸರಕು ಮತ್ತೊಂದು ಹೆಸರಿನಿಂದ ತಲೆಯೆತ್ತುವುದರಿಂದ, ದೆಹಲಿಯ ಉಚ್ಚ ನ್ಯಾಯಾಲಯವು 2019ರ ಏಪ್ರಿಲಿನಲ್ಲಿ, ಹೊಸ ಹೆಸರಿನ ಪ್ರತಿರೂಪಗಳಿಗೂ ವಿಸ್ತರಿಸಬಹುದಾದ ನಿಷೇಧಾಜ್ಞೆಯ ಮಾರ್ಗವನ್ನು ತೆರೆಯಿತು. ವಸ್ತುರೂಪದ ಖೋಟಾ ಮಾಲಿನ ವಿಷಯದಲ್ಲಂತೂ, ಹಿಂದೆ ಒಂದು ಕಂಟೇನರಿನಲ್ಲಿ ಬರುತ್ತಿದ್ದುದು ಇಂದು ಸಾವಿರ ಅಂಚೆಯ ಪೊಟ್ಟಣಗಳಾಗಿ ಸಾವಿರ ಮನೆಗಳ ವಿಳಾಸಕ್ಕೆ ನೇರವಾಗಿ ಬರುತ್ತಿದೆ. ಹೊರದೇಶದಲ್ಲಿ ಕುಳಿತ ಮಾರಾಟಗಾರನನ್ನು ಹಿಡಿಯುವುದೂ, ಒಂದು ಜೊತೆ ಪಾದರಕ್ಷೆಗಾಗಿ ಮೊಕದ್ದಮೆ ಹೂಡುವುದೂ ಹಕ್ಕುದಾರನಿಗೆ ಅಸಾಧ್ಯ. ಸಣ್ಣ ಪ್ರಮಾಣದ, ವಾಣಿಜ್ಯವಲ್ಲದ ಸರಕನ್ನು ಗಡಿಯ ತಡೆಯಿಂದ ಬಿಟ್ಟುಬಿಡಬಹುದೆಂದು ಟ್ರಿಪ್ಸಿನ 60ನೆಯ ವಿಧಿಯು ಹೇಳಿದುದು, ಪ್ರವಾಸಿಯ ಕೈಚೀಲವನ್ನೂ ಅಪರೂಪದ ಚಿಕ್ಕ ಪೊಟ್ಟಣವನ್ನೂ ಮನಸ್ಸಿನಲ್ಲಿಟ್ಟುಕೊಂಡು. ಭಾರತದ 2007ರ ನಿಯಮಗಳಲ್ಲಿಯೂ ಆ ವಿನಾಯಿತಿ ಇದೆ. ಯುರೋಪು 2013ರ ತನ್ನ ಹೊಸ ನಿಬಂಧನೆಯಲ್ಲಿ, ಮೂರು ವಸ್ತುಗಳನ್ನು ಮೀರದ ಅಥವಾ ಎರಡು ಕಿಲೋಗ್ರಾಂಗಿಂತ ಕಡಮೆ ತೂಕದ ಪೊಟ್ಟಣವು ಖೋಟಾ ಎಂದು ಕಂಡುಬಂದಲ್ಲಿ, ತರಿಸಿಕೊಂಡವನಿಗೆ ತಿಳಿಸಿ, ಹತ್ತು ಕೆಲಸದ ದಿನಗಳೊಳಗೆ ಅವನು ಆಕ್ಷೇಪಿಸದಿದ್ದರೆ, ಪ್ರತಿಸಲವೂ ಹಕ್ಕುದಾರನನ್ನು ಕರೆಯಿಸದೆ ನಾಶಮಾಡುವ ಕ್ರಮವನ್ನು ತಂದಿದೆ. ಅಷ್ಟನ್ನಾದರೂ ಸರ್ವರಾಷ್ಟ್ರಗಳಿಗೆ ಸಾಮಾನ್ಯವಾಗಿಸುವ ಒಪ್ಪಂದವು ಇನ್ನೂ ರೂಪುಗೊಂಡಿಲ್ಲ. ಅದನ್ನು ರೂಪಿಸುವವರು ಬಾಗಿಲು ತೆರೆದ ಸಭೆಯಲ್ಲಿ, ಮದ್ದು ತರಿಸಿಕೊಳ್ಳುವ ಬಡರಾಷ್ಟ್ರಗಳನ್ನೂ ಕೂರಿಸಿಕೊಂಡು, ಪೇಟೆಂಟಿನ ವ್ಯಾಜ್ಯಗಳನ್ನು ಹೊರಗಿಟ್ಟು, ಮುದ್ರೆಯನ್ನು ಸುಳ್ಳಾಗಿಸಿದ ಸರಕಿನಿಂದಲೇ ಮೊದಲುಗೊಳ್ಳಬೇಕು.